ಬೆನ್ನ ಹಿಂದಿನ ಭಾರ

2012ರ ಅಕ್ಟೋಬರ್ 12ರ ರಾತ್ರಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಟೊಯೊಟ ಟಂಡ್ರಾ ಎಂಬ ಪಿಕಪ್ ಟ್ರಕ್ಕೊಂದು ನಿವೃತ್ತ ಬಾಹ್ಯಾಕಾಶ ನೌಕೆ 'ಎಂಡೆವರ್' ಅನ್ನು ಎಳೆದು ಹೆದ್ದಾರಿಯ ಸೇತುವೆ ದಾಟಿಸಿತು. ಕೆಳಗಿನ ಗಾಲಿಬಂಡಿಯೂ ಸೇರಿ ಭಾರ ಸುಮಾರು 130 ಟನ್. ಅದೇ ಬಗೆಯ ಟ್ರಕ್ಕಿಗೆ ತಯಾರಕರು ವಿಧಿಸಿದ್ದ ಮಿತಿಯಾದರೋ ನಾಲ್ಕೈದು ಟನ್. ಅದು ಜಾಹೀರಾತಿನ ಗಮ್ಮತ್ತು ನಿಜ, ಆದರೆ ಕಣ್ಕಟ್ಟಲ್ಲ. ಸಮತಟ್ಟು ದಾರಿಯಲ್ಲಿ, ನಡಿಗೆಯ ವೇಗದಲ್ಲಿ, ಗಾಲಿಯ ಮೇಲಿನ ಭಾರವನ್ನು ಉರುಳಿಸಲು ಬೇಕಾದ ಬಲ ಬಹಳ ಕಡಿಮೆ.

ರಜೆಯಲ್ಲಿ ದೋಣಿಯನ್ನೋ, 'ಕ್ಯಾಂಪರ್' ಎಂಬ ಗಾಲಿಮನೆಯನ್ನೋ ಪಿಕಪ್ಪಿಗೆ ಸಿಕ್ಕಿಸಿಕೊಂಡು ಹೊರಡುವ ಅಲ್ಲಿನ ಸಂಸಾರಗಳಿಗೆ ಈ ಅನುಕೂಲವಿಲ್ಲ. ಹೆದ್ದಾರಿಯ ವೇಗದಲ್ಲಿ ಇಳಿಜಾರು ಬಂದರೆ ಹಿಂದಿನ ಭಾರವೇ ಮುಂದಿನ ವಾಹನವನ್ನು ತಳ್ಳತೊಡಗುತ್ತದೆ. ಭಾರೀ ಟ್ರೇಲರುಗಳಿಗೆ ಸ್ವಂತ ಬ್ರೇಕು ಇರುವುದು ಅದಕ್ಕೇ.

ಇದಕ್ಕಿಂತ ಭಯಂಕರವಾದದ್ದು ಓಲಾಟ. ಎತ್ತಿನಗಾಡಿಗೆ ಹೇರು ಹೇರಿದವರಿಗೆ ಗೊತ್ತು, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಕ್ಯಾಂಪರಿನಲ್ಲಿಯೂ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅಷ್ಟಿಲ್ಲದಿದ್ದರೆ ಪಕ್ಕದಲ್ಲಿ ಲಾರಿಯೊಂದು ರಭಸದಿಂದ ಹಾದರೂ ಸಾಕು, ಟ್ರೇಲರು ಬಾಲದಂತೆ ಅತ್ತಿತ್ತ ಬೀಸತೊಡಗಿ, ಪಿಕಪ್ಪನ್ನೂ ರಸ್ತೆಯಿಂದಾಚೆಗೆ ಎಳೆದೊಯ್ಯಬಹುದು. ಆಗ ಗಾಬರಿಯಿಂದ ಬ್ರೇಕು ತುಳಿಯುವುದು ಸಹಜ, ಕೆಡುಕಾಗುವುದೂ ಅಲ್ಲಿಯೇ. ಸ್ಟಿಯರಿಂಗನ್ನು ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಮೆಲ್ಲಗೆ ಒತ್ತಬೇಕು. ಅದಕ್ಕೆಂದೇ ಇರುವ ಬೇರೆ ಹಿಡಿ ಚಾಲಕನ ಕೈಗೆ ಎಟಕುವಂತಿರುತ್ತದೆ.