ಮಾಲ್‌ನಲ್ಲಿ ಕಳೆದುಹೋಗದ ಮಗು

ಐದು ವರ್ಷದ ಮಗು ಮಾಲ್‌ನ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು, ಅತ್ತಿತು. ವಯಸ್ಸಾದ ಹೆಂಗಸೊಬ್ಬರು ಸಮಾಧಾನ ಮಾಡಿ ಮನೆಯವರಿಗೆ ಒಪ್ಪಿಸಿದರು. ನಡೆದೇ ಇರದ ಈ ಕಥೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್, ಮನೆಯವರಿಂದ ಕೇಳಿ ತಿಳಿದ ಮೂರು ನಿಜ ಘಟನೆಗಳ ಜೊತೆ ಸೇರಿಸಿ 24 ಜನರಿಗೆ ಓದಲು ಕೊಟ್ಟರು. ಆರು ಮಂದಿಗೆ ಅದು ಪೂರ್ತಿಯೋ ಅರೆಬರೆಯೋ ‘ನೆನಪಾಯಿತು’. ಪ್ರಯೋಗ ಪ್ರಕಟವಾದದ್ದು 1995ರಲ್ಲಿ.

ಅದರ ಬೇರು ಇರುವುದು ಒಂದು ಕೊಲೆ ಮೊಕದ್ದಮೆಯಲ್ಲಿ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳ ಕೊಲೆಯಾಗಿತ್ತು. ಸುಮಾರು ಇಪ್ಪತ್ತು ವರ್ಷದ ಮೇಲೆ ಅವಳ ಗೆಳತಿ, ಕೊಂದವನು ತನ್ನ ಅಪ್ಪನೇ, ಕಣ್ಣಾರೆ ಕಂಡದ್ದು ಈಗ ನೆನಪಿಗೆ ಬಂತು ಎಂದಳು. 1990ರಲ್ಲಿ ಆ ಅಪ್ಪ, ಜಾರ್ಜ್ ಫ್ರಾಂಕ್ಲಿನ್, ತಪ್ಪಿತಸ್ಥನೆಂದು ತೀರ್ಪಾಯಿತು. ಲಾಫ್ಟಸ್ ಆರೋಪಿಯ ಪರ ಸಾಕ್ಷಿ ನುಡಿದಿದ್ದರು. ಕಂಡದ್ದರ ವಿವರ ಮನಸ್ಸಿನಲ್ಲಿ ಬದಲಾಗುತ್ತದೆ ಎಂದು ಅವರು ತೋರಿಸಬಲ್ಲವರಾಗಿದ್ದರು. ಕಾಣದ್ದನ್ನೇ ಮನಸ್ಸು ಕಟ್ಟಿಕೊಳ್ಳುತ್ತದೆಯೇ? ಅದಕ್ಕೆ ಆಗ ಅವರ ಬಳಿ ಪ್ರಯೋಗವಿರಲಿಲ್ಲ.

ಬಾಲ್ಯದ ಇಂಥ ನೆನಪನ್ನು ನಂಬಬೇಕೇ ಎಂಬ ಜಗಳ ಮಾತ್ರ ಹಳೆಯದು. ಹಿಸ್ಟೀರಿಯಾದ ಮೂಲ ಬಾಲ್ಯದ ಲೈಂಗಿಕ ದೌರ್ಜನ್ಯ ಎಂದು 1896ರಲ್ಲಿ ವಿಯೆನ್ನಾದಲ್ಲಿ ಹೇಳಿದ ಫ್ರಾಯ್ಡ್, ಮರುವರ್ಷವೇ ಹಿಂದೆ ಸರಿದರು. ಮುಂದೆ ದಶಕಗಳ ಕಾಲ ಎಷ್ಟೋ ಹೆಣ್ಣುಮಕ್ಕಳ ಮಾತು ಬರೀ ಕಲ್ಪನೆ ಎನಿಸಿಕೊಂಡು ಮೂಲೆಗೆ ಬಿತ್ತು. ಅದನ್ನು ಕೇಳಿಸಿಕೊಳ್ಳುವಂತೆ ಮಾಡಿದ್ದು 1970ರ ದಶಕದ ಮಹಿಳಾ ಚಳವಳಿ. ಅಷ್ಟು ಕಷ್ಟಪಟ್ಟು ಗಳಿಸಿದ ನಂಬಿಕೆಯನ್ನು ಮುಂದೆ ಕೆಲವು ಚಿಕಿತ್ಸಕರೇ ಕೆಡಿಸಿದರೆಂಬುದು ನನ್ನನ್ನು ಬಹಳ ನೋಯಿಸುತ್ತದೆ. ಸಂಮೋಹನ ಮಾಡಿದರು, ಕಣ್ಣು ಮುಚ್ಚಿ ಊಹಿಸಿಕೊಳ್ಳಿ ಎಂದರು, ಏನೂ ನೆನಪಿಲ್ಲದಿರುವುದನ್ನೇ ದೌರ್ಜನ್ಯದ ಕುರುಹಾಗಿ ಎಣಿಸಿದರು. 1994ರಲ್ಲಿ ನಾಪಾ ನಗರದ ಜ್ಯೂರಿ, ಮಗಳಲ್ಲಿ ಇಂಥ ಸುಳ್ಳು ನೆನಪು ಬೆಳೆಸಿದ ಚಿಕಿತ್ಸಕರ ವಿರುದ್ಧ ತಂದೆಯೊಬ್ಬರಿಗೆ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಅದೇ ವರ್ಷ ಸಂಶೋಧಕಿ ಲಿಂಡಾ ವಿಲಿಯಮ್ಸ್ ಅವರ ಅಧ್ಯಯನವೂ ಬಂತು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಆಸ್ಪತ್ರೆಯ ದಾಖಲೆಯಲ್ಲಿದ್ದ 129 ಮಹಿಳೆಯರನ್ನು ಅವರು 17 ವರ್ಷಗಳ ನಂತರ ಮಾತನಾಡಿಸಿದರು. ಶೇ 38ರಷ್ಟು ಮಂದಿ ಆ ಘಟನೆಯನ್ನು ಹೇಳಲೇ ಇಲ್ಲ. ಮರೆತರೋ, ಹೇಳಲು ಬಾಯಿ ಬರಲಿಲ್ಲವೋ, ವಾದ ಇನ್ನೂ ಇದೆ. ಆದರೆ ದಾಖಲೆ ಸುಳ್ಳಲ್ಲ. ಮಾಲ್‌ನಲ್ಲಿ ಕಳೆದುಹೋಗುವ ಭಯ ಎಲ್ಲ ಮಕ್ಕಳಿಗೂ ಗೊತ್ತು, ದೌರ್ಜನ್ಯವನ್ನು ಅದರ ಪಕ್ಕ ಇಟ್ಟು ಅಳೆಯಬಹುದೇ ಎಂಬ ಆಕ್ಷೇಪಕ್ಕೂ ತೂಕವಿದೆ.

ಫ್ರಾಂಕ್ಲಿನ್‌ಗೆ ಆದ ಶಿಕ್ಷೆಯನ್ನು 1995ರಲ್ಲಿ ಫೆಡರಲ್ ನ್ಯಾಯಾಧೀಶರು ರದ್ದುಪಡಿಸಿದರು. ಮರುವಿಚಾರಣೆ ನಡೆಯಲಿಲ್ಲ, 1996ರಲ್ಲಿ ಆತ ಹೊರಬಂದ. ಎಂಟು ವರ್ಷದ ಆ ಹುಡುಗಿಯನ್ನು ಕೊಂದವರು ಯಾರೆಂದು ಅವಳ ಮನೆಯವರಿಗೆ ಯಾರೂ ಹೇಳಲಿಲ್ಲ.