ವರ್ಷಕ್ಕೊಮ್ಮೆ ಬರುವ ಹಣ, ವಾರಕ್ಕೊಮ್ಮೆ ಬರುವ ಕಂತು

ಸಂಸಾರದ ಖರ್ಚುವೆಚ್ಚ ಸರಿದೂಗಿಸುವುದು ಹೇಗೆಂದು ಹೇಳುವ ಸಲಹೆಗಳಿಗೆ ಕೊರತೆಯಿಲ್ಲ. ಸಂಬಳ ಬಂದ ದಿನವೇ ಇಷ್ಟು ಬಾಡಿಗೆಗೆ, ಇಷ್ಟು ದಿನಸಿಗೆ, ಇಷ್ಟು ಉಳಿತಾಯಕ್ಕೆ ಎಂದು ಎತ್ತಿಡಿ ಎನ್ನುತ್ತವೆ ಅವು. ಬಳ್ಳಾರಿ ನಗರದ ಸರ್ಕಾರಿ ನೌಕರರಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಾಯಂ ಕೆಲಸಗಾರರಿಗೆ ಈ ಮಾತು ಒಪ್ಪುತ್ತದೆ. ಸಿರುಗುಪ್ಪದ ಭತ್ತದ ರೈತರಿಗೆ, ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರಿಗೆ, ನಗರದ ಜೀನ್ಸ್ ಹೊಲಿಗೆಯವರಿಗೆ ಒಪ್ಪುವುದಿಲ್ಲ. ಅವರಿಗೆ ಹಣ ಬರುವ ಕಾಲ ಬೇರೆ, ಬೇಕಾಗುವ ಕಾಲ ಬೇರೆ. ನಡುವಿನ ತಿಂಗಳುಗಳು ಸಾಲದ ಮೇಲೆ ಸಾಗುತ್ತವೆ. ಈ ಸೀಮೆಯ ಮನೆಗಳ ಹಣಕಾಸಿನ ಬಿಕ್ಕಟ್ಟಿಗೆ ದುಂದುವೆಚ್ಚಕ್ಕಿಂತ ಈ ಕಾಲದ ಅಂತರವೇ ದೊಡ್ಡ ಕಾರಣ.

ದೂರದ ಕೆನಡಾದ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿನ ಕುಟುಂಬಗಳ ಒಟ್ಟು ಸಾಲ ಅವುಗಳ ವಾರ್ಷಿಕ ನಿವ್ವಳ ಆದಾಯದ ಒಂದೂವರೆ ಪಟ್ಟಿಗಿಂತ ಹೆಚ್ಚು. ಆದರೆ ಎರಡು ವಾರಕ್ಕೊಮ್ಮೆ ಸಂಬಳ ಪಡೆಯುವವರು ಗೃಹಸಾಲದ ಕಂತನ್ನೂ ಎರಡು ವಾರಕ್ಕೊಮ್ಮೆ ಕಟ್ಟಬಹುದು. ಸಾಲದ ಭಾರ ಅಲ್ಲಿಯೂ ಇದೆ. ಕಂತಿನ ದಿನ ಮಾತ್ರ ಆದಾಯದ ದಿನಕ್ಕೆ ಹೊಂದಿಕೊಂಡಿದೆ. ನಮ್ಮಲ್ಲಿ ಇಲ್ಲದಿರುವುದು ಅದೇ.

ಕಾಲುವೆಯ ಲೆಕ್ಕ

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಸಿರುಗುಪ್ಪದ ಕಪ್ಪು ನೆಲ ಭತ್ತದ ಗದ್ದೆಯಾಯಿತು. ಅಂದು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮುಂಗಾರಿನ ಬೆಳೆಗೆ ನೀರು ಸಿಕ್ಕರೂ ಬೇಸಿಗೆ ಬೆಳೆಗೆ ಸಿಗುವ ಖಾತರಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾಟಿ ಮುಗಿಸಿ ಕೂತಿದ್ದ ಮನೆಗಳ ವರ್ಷದ ಲೆಕ್ಕವೇ ಅಲುಗಾಡಿತು. ತಾತ್ಕಾಲಿಕ ಗೇಟ್ ಅಳವಡಿಸಿದ ಮೇಲೆ ಬಂದ ಮಳೆಯಿಂದ ಜಲಾಶಯ ಮತ್ತೆ ತುಂಬಿದ್ದು ಅದೃಷ್ಟ.

ಜೂನ್‌ನಲ್ಲಿ ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ. ಕಾಲುವೆಗೆ ನೀರು ಬಿಟ್ಟೊಡನೆ ಟ್ರ್ಯಾಕ್ಟರ್ ಬಾಡಿಗೆ, ನಾಟಿ ಕೂಲಿ, ಗೊಬ್ಬರ, ಔಷಧಿ. ಕಟಾವು ಆಗುವುದು ನವೆಂಬರ್ ದಾಟಿದ ಮೇಲೆ. ಅಲ್ಲಿಯವರೆಗೆ ಆಸರೆ ಗೊಬ್ಬರದಂಗಡಿಯ ಉದ್ರಿ ಖಾತೆ. ಅದೇ ಚೀಲಕ್ಕೆ ನಗದಿಗೊಂದು ದರ, ಉದ್ರಿಗೊಂದು ದರ. ಅದರ ಮೇಲೆ ತಂದ ದಿನದಿಂದಲೇ ನೂರಕ್ಕೆ ಎರಡೋ ಮೂರೋ ರೂಪಾಯಿ ತಿಂಗಳ ಬಡ್ಡಿ. ಎರಡು ರೂಪಾಯಿ ಎಂದರೆ ಕೇಳಲು ಹಗುರ. ವರ್ಷಕ್ಕೆ ಅದು ಶೇ 24, ಮೂರು ರೂಪಾಯಿಯಾದರೆ ಶೇ 36. ಸಾಲ ಕೊಟ್ಟವರಿಗೇ ಭತ್ತ ಹಾಕಬೇಕೆಂಬ ಮಾತೂ ಬಹಳ ಕಡೆ ಸಾಲದ ಜೊತೆಗೇ ಬರುತ್ತದೆ. ಮಾರಾಟದ ಪಟ್ಟಿ ಕೈಗೆ ಬರುವಾಗ ಹಮಾಲಿ, ಹಳೆಯ ಅಸಲು, ಬಡ್ಡಿ ಎಲ್ಲ ಕಳೆದು ಉಳಿದದ್ದಷ್ಟೇ ಮನೆಗೆ.

ರಾಜ್ಯ ಸರ್ಕಾರ 2023ರಲ್ಲಿ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿತು. ಒಳ್ಳೆಯ ಕ್ರಮ. ಆದರೆ ಅದು ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 1974ರ ಭೂಸುಧಾರಣೆ ಕಾನೂನು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದ್ದರಿಂದ ಗುತ್ತಿಗೆ ಇಂದಿಗೂ ನಡೆಯುವುದು ಬಾಯಿಮಾತಿನಲ್ಲಿ. ಉಳುವವನಿಗೆ ಹೊಲ ಕೊಟ್ಟ ಆ ಕಾನೂನಿನ ಹಿರಿಮೆ ದೊಡ್ಡದು. ಅದರ ಇನ್ನೊಂದು ಫಲವಾಗಿ, ಇಂದು ಗುತ್ತಿಗೆಗೆ ಉಳುವವನು ಬ್ಯಾಂಕಿನ ಕಣ್ಣಿಗೆ ರೈತನೇ ಅಲ್ಲ.

ದರ ಮತ್ತು ಪೀಸು

ಕುರುಗೋಡು ಭಾಗದ ಮೆಣಸಿನಕಾಯಿ ಬೆಳೆಗಾರರ ಚಿಂತೆ ನೀರಿಗಿಂತ ದರದ್ದು. ಎಕರೆಗೆ ಲಕ್ಷ ಮುಟ್ಟುವ ಖರ್ಚು. ಬಿಡಿಸಿ, ಒಣಗಿಸಿ, ಚೀಲ ತುಂಬಿ ಬ್ಯಾಡಗಿಗೆ ಸಾಗಿಸುವವರೆಗೂ ದರ ಎಷ್ಟೆಂದು ಗೊತ್ತಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ದಿಢೀರ್ ಕುಸಿದಾಗ ರೈತರ ಆಕ್ರೋಶ ವಾಹನಗಳಿಗೆ ಬೆಂಕಿ ಹಚ್ಚುವವರೆಗೂ ಹೋಯಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಹಿಂದಿನ ವರ್ಷದ ದರ ನಂಬಿ ಮದುವೆ ಗೊತ್ತುಮಾಡಿದ್ದ, ಟ್ರ್ಯಾಕ್ಟರ್ ಕಂತು ಒಪ್ಪಿಕೊಂಡಿದ್ದ ಮನೆಗಳ ಸ್ಥಿತಿಯನ್ನೂ ಮರೆಯಲಾಗದು.

ನಗರದಲ್ಲಿ ಜೀನ್ಸ್ ಹೊಲಿಗೆಯವರಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಹಬ್ಬಗಳ ಮುಂಚೆ ಕೈತುಂಬ ಕೆಲಸ, ಆಮೇಲೆ ಖಾಲಿ ವಾರಗಳು. ಮನೆಯಲ್ಲೇ ದಾರ ಕತ್ತರಿಸುವ, ಗುಂಡಿ ಹಾಕುವ ಹೆಂಗಸರ ಗಳಿಕೆ ಇನ್ನೂ ಸಣ್ಣದು, ಇನ್ನೂ ಅನಿಶ್ಚಿತ. ಹಣ ಹೀಗೆ ಒಮ್ಮೆಲೇ ಬಂದು ಒಮ್ಮೆಲೇ ನಿಲ್ಲುವುದು ಬಳ್ಳಾರಿಗೆ ಹೊಸದೇನಲ್ಲ. ಅದಿರಿನ ಭರಾಟೆಯಲ್ಲಿ ಸಾಲ ಮಾಡಿ ಲಾರಿ ಕೊಂಡವರು ಹಲವರು. 2011ರ ಜುಲೈನಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಬಿದ್ದಾಗ ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ.

ಚೀಟಿ, ಸಂಘ, ಕಂತು

ಮೊದಲಿಂದ ಇದ್ದ ಆಸರೆ ಚೀಟಿ. ಇಪ್ಪತ್ತು ಜನ ತಿಂಗಳಿಗೆ ₹5,000ದಂತೆ ಹಾಕಿದರೆ ಒಂದು ಲಕ್ಷ. ಆಸ್ಪತ್ರೆಗೋ ಮದುವೆಗೋ ಅವಸರವಿದ್ದವರು ಹರಾಜಿನಲ್ಲಿ ₹25,000 ಬಿಟ್ಟು ₹75,000ಕ್ಕೆ ಎತ್ತಿಕೊಳ್ಳುತ್ತಾರೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಉಳಿತಾಯವೂ ಸಾಲವೂ ಒಂದರಲ್ಲೇ ಸೇರಿದ ಜಾಣ ಏರ್ಪಾಡು ಇದು. ಕೇಂದ್ರದ 1982ರ ಕಾಯ್ದೆಯಂತೆ ನೋಂದಣಿಯಾಗದ ಚೀಟಿಗಳಲ್ಲಿ ನಡೆಸುವವರು ಊರು ಬಿಟ್ಟರೆ ಕಟ್ಟಿದವರಿಗೆ ದಾಖಲೆಯೂ ಉಳಿಯುವುದಿಲ್ಲ.

ಆಮೇಲೆ ಬಂದವು ಸ್ತ್ರೀಶಕ್ತಿ ಗುಂಪುಗಳು, ಅವುಗಳ ಬೆನ್ನಿಗೇ ಮನೆಬಾಗಿಲಿಗೆ ಬರುವ ಮೈಕ್ರೋಫೈನಾನ್ಸ್ ಸಾಲ. ಅಡಮಾನ ಬೇಡ, ಆಧಾರ್ ಸಾಕು, ಗುಂಪಿನ ಜಾಮೀನು ಸಾಕು. ವಾರ್ಷಿಕ ಶೇ 24ರ ಬಡ್ಡಿಯಲ್ಲಿ ₹50,000 ತೆಗೆದುಕೊಂಡು ಎರಡು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ₹2,640. ಅಂಥ ಮೂರು ಸಾಲವಿದ್ದರೆ ₹7,900 ದಾಟುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ₹2,000 ಒಂದು ಕಂತಿಗೂ ಸಾಲದು. ಆದರೂ ಅಡುಗೆಮನೆಯ ಖರ್ಚಿಗೆ ಅದು ನಿಜವಾದ ಆಧಾರ. ಖಾತೆಗೆ ಬರುವ ದಿನ ಹಿಂದೆಮುಂದಾದಾಗ ಮನೆಯೊಡತಿ ಮತ್ತೆ ಕೈಸಾಲಕ್ಕೆ ಹೋಗಬೇಕಾಗುತ್ತದೆ.

ಎರಡು ಕಡೆಯ ಮಾತು

ಸಾಲ ಕೊಡುವವರ ವಾದವನ್ನೂ ಕೇಳಬೇಕು. ಸಣ್ಣ ಕಂತು ಆಗಾಗ ಕಟ್ಟಿಸಿಕೊಂಡರೆ ಭಾರ ತಿಳಿಯುವುದಿಲ್ಲ, ಸುಗ್ಗಿಯವರೆಗೆ ಬಿಟ್ಟರೆ ಹಣ ಬೇರೆಡೆ ಹೋಗುತ್ತದೆ, ವಸೂಲಿ ನಿಂತರೆ ಹೊಸ ಸಾಲವೂ ನಿಂತು ಬಡವರು ಮೀಟರ್ ಬಡ್ಡಿಯವರ ಪಾಲಾಗುತ್ತಾರೆ ಎನ್ನುತ್ತಾರೆ ಅವರು. ಇದರಲ್ಲಿ ಸತ್ಯಾಂಶವಿದೆ. ಒಂದು ಸಾಲ ತೀರಿಸಲು ಇನ್ನೊಂದು ಎತ್ತುವ, ಶಕ್ತಿ ಮೀರಿ ಮದುವೆ, ಗೃಹಪ್ರವೇಶ ಮಾಡುವ ರೂಢಿಯ ಹೊಣೆ ಮನೆಯವರದೂ ಹೌದು.

ಕೇಂದ್ರೀಯ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬದ ಎಲ್ಲ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಿತು. ಎರಡೂ ಬೇಕಿದ್ದವು. ಆದರೆ ಮೊದಲನೆಯದು ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ನೋಡುತ್ತದೆ. ₹3 ಲಕ್ಷ ಆದಾಯದವರಿಗೆ ತಿಂಗಳಿಗೆ ₹25,000 ಬರುತ್ತದೆಂದೂ ₹12,500 ಕಟ್ಟಬಲ್ಲರೆಂದೂ ಕಾಗದ ಹೇಳುತ್ತದೆ. ಸಿರುಗುಪ್ಪದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಆ ₹25,000 ಎಲ್ಲಿಯೂ ಇರುವುದಿಲ್ಲ. ಎರಡನೆಯದು ಕಂತು ತಪ್ಪಿದ ಮೇಲಿನ ದೌರ್ಜನ್ಯವನ್ನು ತಡೆಯುತ್ತದೆ, ಕಂತು ತಪ್ಪುವ ಕಾರಣವನ್ನು ಮುಟ್ಟುವುದಿಲ್ಲ.

1976ರಲ್ಲಿಯೇ ಗ್ರಾಮೀಣ ಬ್ಯಾಂಕೊಂದು ಹುಟ್ಟಿದ ಊರು ಬಳ್ಳಾರಿ. ಬೆಳೆಸಾಲವನ್ನು ಸುಗ್ಗಿಯ ಹೊತ್ತಿಗೆ ಮರುಪಾವತಿ ಮಾಡಿಸಿಕೊಳ್ಳುವ ಪದ್ಧತಿ ಬ್ಯಾಂಕುಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ಸಂಘದ ಸಾಲಕ್ಕೂ ವಿಸ್ತರಿಸುವುದು ಅಸಾಧ್ಯವಲ್ಲ: ನಾಟಿಯ ತಿಂಗಳುಗಳಲ್ಲಿ ಬಡ್ಡಿಯಷ್ಟೇ, ಕಟಾವಿನ ನಂತರ ಅಸಲು, ಜೀನ್ಸ್ ಕೆಲಸದವರಿಗೆ ವರ್ಷದಲ್ಲಿ ಎರಡು ತಿಂಗಳ ವಿರಾಮ. ಗುತ್ತಿಗೆ ರೈತರ ವಿಷಯ ಇದಕ್ಕಿಂತ ಕಠಿಣ. ಒಡೆತನಕ್ಕೆ ಧಕ್ಕೆಯಾಗದು ಎಂಬ ಭರವಸೆ ಕಾನೂನಿನಲ್ಲೇ ಸಿಗುವವರೆಗೆ ಯಾವ ಪಹಣಿದಾರರೂ ಗುತ್ತಿಗೆಯನ್ನು ಕಾಗದದ ಮೇಲೆ ಬರೆದುಕೊಡುವುದಿಲ್ಲ, ಕಾಗದ ಇಲ್ಲದವರಿಗೆ ಗೊಬ್ಬರದಂಗಡಿಯ ಉದ್ರಿಯೇ ಬೆಳೆಸಾಲವಾಗಿ ಉಳಿಯುತ್ತದೆ.