ಮೈ ತುಂಬಿದರೆ ಸಾಲದು

ದುಂಡುದುಂಡಾದ ಮಗುವನ್ನು ಕಂಡು ಹಿಗ್ಗದ ತಾಯಿಯುಂಟೇ? ಆದರೆ ಮೈ ತುಂಬಿದುದೆಲ್ಲವೂ ಆರೋಗ್ಯವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ಮೀರಿದ ತೂಕವುಳ್ಳವರು 2015-16ರಲ್ಲಿ ನೂರಕ್ಕೆ 2.1ರಷ್ಟಿದ್ದರು, 2019-21ರಲ್ಲಿ ಆ ಪ್ರಮಾಣ 3.4ಕ್ಕೇರಿತು.

ತೂಕ ಏರಿದೊಡನೆ ಹಿರಿಯರ ಕಣ್ಣು ಊಟದ ತಟ್ಟೆಯ ಮೇಲೆ ಬೀಳುವುದು ಸಹಜ. ಹಾಸಿಗೆಯನ್ನೂ ಅಂಗಳವನ್ನೂ ನೋಡಬೇಕು. ನಿದ್ದೆಗೆಟ್ಟ ಮಗುವಿನ ಹಸಿವು ಹದ ತಪ್ಪುತ್ತದೆ. ಕೈ ಕರಿದ ತಿಂಡಿಯತ್ತ ಚಾಚುತ್ತದೆ. ಹಗಲೆಲ್ಲ ಕುಳಿತೇ ಇದ್ದ ಮಗುವಿಗೆ ರಾತ್ರಿ ಬೇಗನೆ ನಿದ್ದೆ ಬಾರದು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹಾಕಿಕೊಟ್ಟ ಲೆಕ್ಕ ಸರಳವಾದುದು. ಮೂರು-ನಾಲ್ಕು ವರ್ಷದ ಮಗುವಿಗೆ, ಹಗಲಿನದೂ ಸೇರಿ, ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮೂರು ಗಂಟೆ ಓಡಾಟ ಬೇಕು. ಅದರಲ್ಲಿ ಒಂದು ಗಂಟೆಯಾದರೂ ಉಸಿರು ಏರುವಂಥ ಆಟವಿರಬೇಕು. ಟೆಲಿವಿಷನ್, ಮೊಬೈಲುಗಳ ಮುಂದೆ ಗಂಟೆಗಿಂತ ಹೆಚ್ಚು ಕೂರಿಸಕೂಡದು.

ಹುಬ್ಬಳ್ಳಿಯವರಿಗೆ ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮವೇನೂ ದೂರವಲ್ಲ. ಅಲ್ಲಿ ಮಗುವನ್ನು ಎತ್ತಿಕೊಳ್ಳದೆ ನಡೆಸಿರಿ. ಜಲಾಶಯದ ಅಂಚಿನಲ್ಲಿ ಮಾತ್ರ ಕೈ ಬಿಡದಿರಿ. ನೀರುಕಾಗೆ, ಮಿಂಚುಳ್ಳಿಗಳನ್ನರಸುವ ಪುಟ್ಟ ಕಾಲುಗಳಿಗೆ ದಣಿವು ತಿಳಿಯದು. ಉಳಿದ ದಿನಗಳಿಗೆ ಮನೆಯಂಗಳದ ಕಣ್ಣಾಮುಚ್ಚಾಲೆಯೇ ಸಾಕು.

ತೂಕ ಹೆಚ್ಚಿತೆಂದು ಬೆಳೆಯುವ ಮಗುವನ್ನು ಹಸಿವಿನಲ್ಲಿಡಬಾರದು. ಅಂಗನವಾಡಿಯಲ್ಲಿಯೋ ವೈದ್ಯರಲ್ಲಿಯೋ ಎತ್ತರ, ತೂಕಗಳನ್ನು ಅಳೆಯಿಸಿ ಸಲಹೆ ಕೇಳಿರಿ. ಇಂದಿನ ರಾತ್ರಿಯಿಂದಲೇ ದೀಪವನ್ನು ನಿಯಮಿತ ವೇಳೆಗೆ ಆರಿಸಿರಿ. ಅದಕ್ಕೆ ಕಾಸಿನ ಖರ್ಚೂ ಇಲ್ಲ.